ಅಪ್ಪನ ಮೊಣಕಾಲು, ವೆನಿಸ್‌ನ ಮೆಟ್ಟಿಲು

ಪಾದುವಾ, ಇಟಲಿ
12 ಜುಲೈ 2025

ಅಮ್ಮನಿಗೆ ಗಿರಿಜಾಳ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮ. ನೀನು ವಿನುವಿನ ಕೈಯಲ್ಲಿ ಕಳಿಸಿದ ಪತ್ರವೂ ಶೇಂಗಾ ಚಟ್ನಿಪುಡಿಯೂ ತಲುಪಿದವು. ಚಟ್ನಿಪುಡಿ ಆಗಲೇ ಅರ್ಧ ಖಾಲಿಯಾಗಿದೆ. ಪತ್ರ ಓದಿದ ಮೇಲೆ ಮಾತ್ರ ಮನಸ್ಸು ನಿಂತಲ್ಲಿ ನಿಲ್ಲುತ್ತಿಲ್ಲ. ಅಪ್ಪ ಫೋನಿನಲ್ಲಿ ಪ್ರತಿ ಸಲವೂ "ಕಾಲಿಗೇನೂ ಆಗಿಲ್ಲ, ಸ್ವಲ್ಪ ವಾತ" ಎನ್ನುತ್ತಾರೆ. ಬಳ್ಳಾರಿಯ ವೈದ್ಯರು ಬಲ ಮೊಣಕಾಲಿನ ಕೀಲು ಸವೆದಿದೆ, ಇಂದಲ್ಲ ನಾಳೆ ಬದಲಿಸಲೇಬೇಕು ಎಂದದ್ದು ನಿನ್ನಿಂದಲೇ ತಿಳಿಯಬೇಕಾಯಿತು. ಅಜ್ಜಿಗೆ ಇನ್ನೂ ಹೇಳಿಲ್ಲ ಎಂದಿದ್ದೀಯ, ಹೇಳುವುದೂ ಬೇಡ.

ಶಸ್ತ್ರಚಿಕಿತ್ಸೆ ಜನವರಿಗೆ ಆಗಲಿ, ಮೊದಲು ವೆನಿಸ್ ನೋಡಿ ಬರುತ್ತೇನೆ ಎಂದು ಹಟ ಹಿಡಿದಿದ್ದಾರೆ, ನೀನಾದರೂ ಬುದ್ಧಿ ಹೇಳು ಎಂದು ಬರೆದಿದ್ದೀಯ. ಅಮ್ಮ, ನಾನು ಹೇಳುವುದಿಲ್ಲ. ಅವರು ಬರಲಿ. ನಿಕೊಲೊ ಕೊಂಟಿಯ ಹೆಸರು ಹೇಳದೆ ಅವರು ಹಂಪಿಯ ಪಾಠ ಮುಗಿಸಿದ್ದನ್ನು ನಾನು ಕಂಡಿಲ್ಲ. ಸುಮಾರು 1420ರಲ್ಲಿ ವಿಜಯನಗರಕ್ಕೆ ಬಂದು, ಊರಿನ ಸುತ್ತಳತೆ ಅರವತ್ತು ಮೈಲಿ ಎಂದು ಹೇಳಿದ ಆ ವ್ಯಾಪಾರಿಯ ನಾಡನ್ನು ನೋಡಬೇಕೆಂಬುದು ಅವರ ಎಷ್ಟು ವರ್ಷದ ಆಸೆ! ಅವನ ನಾಡಿನಿಂದ ರೈಲಿನಲ್ಲಿ ಅರ್ಧ ಗಂಟೆಯ ದೂರದಲ್ಲಿ ಮಗಳು ಬದುಕುತ್ತಿರುವಾಗ ಬರಬೇಡಿ ಎನ್ನಲು ನನಗೆ ಬಾಯಿ ಬರುವುದಿಲ್ಲ. "ಕಾಲುವೆ ನೋಡಲು ಅಷ್ಟು ದೂರ ಏಕೆ, ಬಸವಣ್ಣ ಕಾಲುವೆ ಮನೆಯ ಹಿಂದೆಯೇ ಇದೆ" ಎಂದು ನೀನು ಕೇಳಿದ್ದೀಯ. ಅದು ಗದ್ದೆಗೆ ನೀರುಣಿಸುವ ಕಾಲುವೆ. ಇಲ್ಲಿಯದು ಸಮುದ್ರದ ಉಪ್ಪು ನೀರು, ದಿನಕ್ಕೆ ಎರಡು ಸಲ ಏರಿ ಇಳಿಯುತ್ತದೆ. ಅದರ ನಡುವೆ ಕೆಸರಿಗೆ ಮರದ ಗೂಟಗಳನ್ನು ಹೊಡೆದು, ಆ ಗೂಟಗಳ ಮೇಲೆ ಕಲ್ಲಿನ ಅರಮನೆಗಳನ್ನು ಕಟ್ಟಿದ್ದಾರೆ. ಕೆಸರಿನೊಳಗೆ ಗಾಳಿಯಾಡುವುದಿಲ್ಲವಾದ್ದರಿಂದ ಮರ ನೂರಾರು ವರ್ಷಗಳಿಂದ ನಿಂತಿದೆ. ನೀನೂ ನೋಡಬೇಕು.

ಈಗ ಮೆಟ್ಟಿಲುಗಳ ವಿಷಯ. ನಿನ್ನ ಭಯಕ್ಕೆ ಕಾರಣವಿದೆ. ವೆನಿಸ್‌ನಲ್ಲಿ 400ಕ್ಕೂ ಹೆಚ್ಚು ಸೇತುವೆಗಳಿವೆ, ಬಹುಪಾಲು ಎಲ್ಲಕ್ಕೂ ಹತ್ತಿ ಇಳಿಯುವ ಮೆಟ್ಟಿಲುಗಳಿವೆ. ಊರೊಳಗೆ ಕಾರಿಲ್ಲ, ಆಟೋ ಇಲ್ಲ, ಸೈಕಲ್ ಕೂಡ ತುಳಿಯುವಂತಿಲ್ಲ. ಒಂದೇ ದಿನಕ್ಕೆ ಬಂದು ನಕ್ಷೆ ಹಿಡಿದು ಓಡಾಡುವವರ ಕಾಲು ಸಂಜೆಯ ಹೊತ್ತಿಗೆ ಸೋತುಹೋಗುತ್ತದೆ. ಹಾಗಾಗಿಯೇ ನಾವು ಅಲ್ಲಿ ಎರಡು ರಾತ್ರಿ ಉಳಿದು, ದೋಣಿಯಲ್ಲಿ ಓಡಾಡುತ್ತೇವೆ. ವಪೊರೆಟ್ಟೊ ಎಂಬ ದೊಡ್ಡ ದೋಣಿಗಳೇ ಅಲ್ಲಿನ ಸಾರಿಗೆ. ಒಂದನೇ ನಂಬರಿನ ದೋಣಿ ಹೊಸಪೇಟೆಯಿಂದ ಕಮಲಾಪುರಕ್ಕೆ ಹೋಗುವ ಬಸ್ಸಿನಂತೆ ಪ್ರತಿ ನಿಲ್ದಾಣದಲ್ಲೂ ನಿಲ್ಲುತ್ತಾ ದೊಡ್ಡ ಕಾಲುವೆಯ ಉದ್ದಕ್ಕೂ ಹೋಗುತ್ತದೆ. ಒಮ್ಮೆ ಈ ದಡ, ಒಮ್ಮೆ ಆ ದಡ. ಅಂದರೆ ಅಪ್ಪ ಒಂದು ಸೇತುವೆಯನ್ನೂ ಹತ್ತದೆ ಕಾಲುವೆ ದಾಟಬಹುದು. ಇದನ್ನು ಅವರಿಗೆ ಓದಿ ಹೇಳು, ಸಮಾಧಾನವಾಗುತ್ತದೆ.

ದುಡ್ಡಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಒಂದು ಸಲದ ಟಿಕೆಟ್ಟಿಗೆ 9.50 ಯೂರೋ, ನಮ್ಮ ಸಾವಿರ ರೂಪಾಯಿಯ ಹತ್ತಿರ, ಅದೂ 75 ನಿಮಿಷಕ್ಕೆ ಮಾತ್ರ. ನಾವು 48 ಗಂಟೆಗಳ ಪಾಸ್ ಕೊಳ್ಳೋಣ, 35 ಯೂರೋ. ಎಷ್ಟು ಸಲ ಬೇಕಾದರೂ ಹತ್ತಿ ಇಳಿಯಬಹುದು. ಹತ್ತುವ ಮೊದಲು ಯಂತ್ರಕ್ಕೆ ಮುಟ್ಟಿಸಬೇಕು, ಇಲ್ಲದಿದ್ದರೆ ಪಾಸ್ ಕೈಯಲ್ಲಿದ್ದರೂ ದಂಡ. ಹಗಲು ಬಂದು ಸಂಜೆ ಮರಳುವವರಿಗೆ ಪ್ರವೇಶ ಶುಲ್ಕ ಹಾಕಿದ್ದಾರೆಂದು ಪತ್ರಿಕೆಯಲ್ಲಿ ಓದಿ ನೀನು ಕೇಳಿದ್ದೆ. ಅದು ಈ ವರ್ಷ ಏಪ್ರಿಲ್‌ನಿಂದ ಜುಲೈವರೆಗಿನ 54 ದಿನಗಳಿಗೆ ಮಾತ್ರ. ನೀವು ದಸರಾ ಮುಗಿಸಿಕೊಂಡು ಅಕ್ಟೋಬರ್ ನಡುವೆ ಬರುವುದರಿಂದ ನಮಗೆ ತಾಗುವುದಿಲ್ಲ. ರಾತ್ರಿ ತಂಗುವವರು ಹೋಟೆಲಿನಲ್ಲೇ ಪ್ರವಾಸಿ ತೆರಿಗೆ ಕಟ್ಟುತ್ತಾರೆ, ಅದು ನನ್ನ ಲೆಕ್ಕ.

ಅಗ್ಗಕ್ಕೆ ಸಿಗುತ್ತದೆಂದು ಎಲ್ಲರೂ ಮೆಸ್ತ್ರೆಯಲ್ಲಿ ಕೋಣೆ ಹಿಡಿಯುತ್ತಾರೆ. ಅದು ನೀರಿನ ಈಚೆಯ ಊರು, ದಿನಾ ರೈಲು ಹತ್ತಿ ಇಳಿಯಬೇಕು. ಅಪ್ಪನಿಗೆ ಅದು ಬೇಡವೇ ಬೇಡ. ನಾನು ಕನ್ನರೇಜೊ ಭಾಗದಲ್ಲಿ ಹುಡುಕುತ್ತಿದ್ದೇನೆ. ಅಲ್ಲಿ ಕಾಲುವೆಯ ಬದಿಯ ದಾರಿಗಳು ಉದ್ದಕ್ಕೂ ಮಟ್ಟವಾಗಿವೆ, ಗದ್ದಲವೂ ಕಡಿಮೆ. ಪ್ರತಿ ಹೋಟೆಲಿಗೂ ಪತ್ರ ಬರೆದು ಮೂರು ಪ್ರಶ್ನೆ ಕೇಳುತ್ತಿದ್ದೇನೆ: ಲಿಫ್ಟ್ ಇದೆಯೇ, ಸ್ನಾನದ ಮನೆಯಲ್ಲಿ ಹಿಡಿದುಕೊಳ್ಳಲು ಏನಾದರೂ ಇದೆಯೇ, ದೋಣಿ ನಿಲ್ದಾಣದಿಂದ ನಿಮ್ಮ ಬಾಗಿಲಿಗೆ ಎಷ್ಟು ಸೇತುವೆ. ಕೊನೆಯ ಪ್ರಶ್ನೆಗೆ ಸೊನ್ನೆ ಎಂದವರಿಗೇ ಮುಂಗಡ. ದೊಡ್ಡ ಸೂಟ್‌ಕೇಸುಗಳು ಪಾದುವಾದ ನನ್ನ ಮನೆಯಲ್ಲೇ ಇರಲಿ. ವೆನಿಸ್‌ಗೆ ಬೆನ್ನಿಗೆ ಹಾಕುವ ಚೀಲ ಸಾಕು, ಅದನ್ನೂ ನಾನೇ ಹೊರುತ್ತೇನೆ.

ಮೊದಲ ದಿನ ಬೆಳಿಗ್ಗೆ ಬೇಗ ಸಾಂತಾ ಲೂಚಿಯಾ ನಿಲ್ದಾಣದಲ್ಲಿ ಇಳಿಯುತ್ತೇವೆ. ನಿಲ್ದಾಣದ ಬಾಗಿಲು ದಾಟಿದರೆ ಎದುರಿಗೇ ನೀರು, ಹಸಿರು ಗುಮ್ಮಟದ ಚರ್ಚು, ತರಕಾರಿ ತುಂಬಿದ ದೋಣಿ, ಕಸ ಎತ್ತುವ ದೋಣಿ, ಅಂಚೆ ದೋಣಿ. ಮೊದಲ ಸಲ ಕಂಡಾಗ ನಾನು ಮಾತು ಮರೆತು ನಿಂತಿದ್ದೆ. ಅಪ್ಪ ದೋಣಿಯಲ್ಲಿ ಕುಳಿತೇ ರಿಯಾಲ್ಟೊ ಸೇತುವೆಯ ಕೆಳಗೆ ಹಾದುಹೋಗಲಿ. 1591ರಲ್ಲಿ ಮುಗಿದ ಆ ಕಲ್ಲಿನ ಸೇತುವೆ ಕೆಳಗಿನಿಂದಲೇ ಚೆಂದ, ಹತ್ತಿದರೆ ನೂಕುನುಗ್ಗಲು. ಸಾನ್ ಮಾರ್ಕೊ ಚೌಕದಲ್ಲಿ ಗಂಟೆಗೋಪುರಕ್ಕೆ ಲಿಫ್ಟ್ ಇದೆ. 1902ರಲ್ಲಿ ಪೂರ್ತಿ ಕುಸಿದು ಬಿದ್ದಿದ್ದನ್ನು 1912ರ ಹೊತ್ತಿಗೆ ಇದ್ದ ಹಾಗೆಯೇ ಮತ್ತೆ ಕಟ್ಟಿದ್ದಾರೆ. ಮೇಲಿನಿಂದ ಇಡೀ ಊರೂ ದ್ವೀಪಗಳೂ ಕಾಣುತ್ತವೆ. ಚರ್ಚಿನೊಳಗೆ ಹೋಗಲು ಭುಜ, ಮೊಣಕಾಲು ಮುಚ್ಚಿರಬೇಕು. ನಿನ್ನ ಸೀರೆಗೆ ಯಾರೂ ಏನೂ ಅನ್ನುವುದಿಲ್ಲ, ಹೊಗಳುತ್ತಾರೆ ನೋಡು. ಅದೇ ಚೌಕದ ಪಕ್ಕದ ಮಾರ್ಚಿಯಾನಾ ಗ್ರಂಥಾಲಯದಲ್ಲಿ ಫ್ರಾ ಮೌರೊ ಎಂಬ ಸನ್ಯಾಸಿ 1450ರ ಸುಮಾರಿಗೆ ಬರೆದ ಪ್ರಪಂಚದ ನಕ್ಷೆ ಇದೆ. ಅದನ್ನು ಅಪ್ಪನಿಗೆ ತೋರಿಸಲೇಬೇಕು. ಅಲ್ಲಿ ಮೆಟ್ಟಿಲು ಹತ್ತದೆ ಹೋಗುವ ದಾರಿ ಯಾವುದೆಂದು ಮುಂದಿನ ವಾರ ನಾನೇ ಹೋಗಿ ವಿಚಾರಿಸಿ ಬರುತ್ತೇನೆ.

ಗೊಂಡೋಲಾ ಬೇಡ. ಅರ್ಧ ಗಂಟೆಗೆ 90 ಯೂರೋ ಎನ್ನುವುದಕ್ಕಿಂತ, ದಡದಿಂದ ಅಲುಗಾಡುವ ದೋಣಿಗೆ ಕಾಲು ಇಳಿಸಬೇಕಲ್ಲ, ಅದು ನನಗೆ ಒಪ್ಪಿಗೆಯಿಲ್ಲ. ಸೇತುವೆಯ ಮೆಟ್ಟಿಲ ಮೇಲೆ ಕುಳಿತರೂ ದಂಡ ಹಾಕುತ್ತಾರೆ. ಅಪ್ಪನಿಗೆ ದಣಿವಾದರೆ ಚರ್ಚಿನ ಬೆಂಚು, ಇಲ್ಲವೇ ಬೆಂಚುಗಳಿರುವ ಸಣ್ಣ ಚೌಕಗಳು. ಎಲ್ಲೆಲ್ಲಿ ಬೆಂಚು ಇದೆ ಎಂದು ಗುರುತು ಹಾಕಿಟ್ಟಿದ್ದೇನೆ. ಬೀದಿಯ ನಲ್ಲಿಗಳ ನೀರು ಕುಡಿಯಲು ಯೋಗ್ಯ, ಬಾಟಲಿ ಇಟ್ಟುಕೊಂಡರೆ ಸಾಕು.

ಎರಡನೆಯ ದಿನ ಅರ್ಧದವರೆಗೂ ವಿಶ್ರಾಂತಿ. ಮೂರನೆಯ ದಿನ ಪಾದುವಾಗೆ ಮರಳಿ, ಕಾಲು ಒಪ್ಪಿದರೆ ಇನ್ನೊಂದು ದಿನ ಇಲ್ಲಿಂದಲೇ ಬಸ್ಸಿನಲ್ಲಿ ಕಿಯೊಜ್ಜಾಕ್ಕೆ. ಕೊಂಟಿ ಹುಟ್ಟಿದ್ದು ಆ ಊರಿನಲ್ಲಿ. ಅಲ್ಲಿಯೂ ಕಾಲುವೆಗಳಿವೆ, ನಡುವೆ ಅಗಲವಾದ ಮಟ್ಟದ ಬೀದಿ ಇದೆ, ಮೀನುಗಾರರ ದೋಣಿಗಳಿವೆ, ಪ್ರವಾಸಿಗರು ಕಡಿಮೆ. ನನ್ನ ಮಟ್ಟಿಗೆ ಅಪ್ಪ ಇಡೀ ಪ್ರಯಾಣದಲ್ಲಿ ಹೆಚ್ಚು ಸಂತೋಷಪಡುವುದು ಅಲ್ಲಿಯೇ.

ಊರು ಮುಳುಗುತ್ತದೆಯಂತೆ ಎಂದು ನಾಗರಾಜ ಮಾವ ಹೆದರಿಸಿದ್ದಾರಂತೆ. ಶರತ್ಕಾಲದಲ್ಲಿ ಕೆಲವೊಮ್ಮೆ ಸಮುದ್ರ ಉಬ್ಬಿ ಬೀದಿಗೆ ನೀರು ಬರುವುದು ನಿಜ. 2019ರ ನವೆಂಬರ್‌ನಲ್ಲಿ 187 ಸೆಂಟಿಮೀಟರ್ ಏರಿತ್ತು. ಆದರೆ 2020ರ ಅಕ್ಟೋಬರ್‌ನಿಂದ ಸಮುದ್ರದ ಬಾಯಿಗಳಿಗೆ 78 ಕಬ್ಬಿಣದ ಬಾಗಿಲುಗಳನ್ನು ಎಬ್ಬಿಸಿ ನೀರು ತಡೆಯುತ್ತಿದ್ದಾರೆ. ಕಲ್ಲು ಒದ್ದೆಯಾಗಿದ್ದರೆ ಜಾರುತ್ತದೆ, ಆ ದಿನ ನಾವು ಹೊರಗೇ ಹೋಗುವುದಿಲ್ಲ, ಅಷ್ಟೇ. ದೇವರು ಹಾಗೆ ಮಾಡದಿರಲಿ, ಏನಾದರೂ ಆದರೆ ಆಂಬುಲೆನ್ಸ್ ದೋಣಿಯೂ ಇದೆ. ದೊಡ್ಡ ಸರ್ಕಾರಿ ಆಸ್ಪತ್ರೆ ದಡದಲ್ಲೇ ಇದೆ, ಅದರ ಮುಂಭಾಗ ಅರಮನೆಯಂತಹ ಹಳೆಯ ಅಮೃತಶಿಲೆಯ ಕಟ್ಟಡ. ಇದನ್ನು ಹೆದರಿಸಲು ಬರೆದದ್ದಲ್ಲ, ಎಲ್ಲ ವ್ಯವಸ್ಥೆಯೂ ಇದೆ ಎಂದು ತಿಳಿಸಲು ಬರೆದೆ.

ನನ್ನ ಕಡೆಯಿಂದ ಎರಡು ಷರತ್ತು. ಒಂದು, ವಿಮಾನದಲ್ಲಿ ಅಷ್ಟು ಹೊತ್ತು ಕುಳಿತುಕೊಳ್ಳಬಹುದೇ, ಶಸ್ತ್ರಚಿಕಿತ್ಸೆ ಜನವರಿವರೆಗೆ ಕಾಯಬಹುದೇ ಎಂದು ವೈದ್ಯರನ್ನು ಕೇಳಬೇಕು. ಕೇಳುವಾಗ ನೀನು ಜೊತೆಗಿರಬೇಕು, ಅಪ್ಪ ಒಬ್ಬರೇ ಹೋದರೆ ಅರ್ಧ ಉತ್ತರವನ್ನಷ್ಟೇ ಮನೆಗೆ ತರುತ್ತಾರೆ. ಬೇಡ ಎಂದರೆ ಬೇಡ, ಮೊದಲು ಕಾಲು, ನಾನೇ ರಜೆ ಹಾಕಿ ಊರಿಗೆ ಬಂದು ಆಸ್ಪತ್ರೆಯಲ್ಲಿ ನಿಲ್ಲುತ್ತೇನೆ. ಎರಡು, ವೀಸಾಕ್ಕೆ ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ. ವಿಮೆ ಮಾಡಿಸುವಾಗ ಮೊಣಕಾಲು, ಸಕ್ಕರೆ ಕಾಯಿಲೆ ಎರಡನ್ನೂ ಬರೆಸಿ, ಮುಚ್ಚಿಡಬೇಡಿ. ಟಿಕೆಟ್ ಮಾಡಿಸುವಾಗಲೇ ವಿಮಾನ ನಿಲ್ದಾಣಗಳಿಗೆ ಗಾಲಿಕುರ್ಚಿ ಕೇಳಿ, ಅದಕ್ಕೆ ದುಡ್ಡಿಲ್ಲ. ಅಪ್ಪ ನಾಚಿಕೊಂಡರೆ ನನ್ನ ಆಣೆ ಎಂದು ಹೇಳು.

ತುಪ್ಪ, ಪೇಡ ತರಬೇಡ, ಇಲ್ಲಿ ಹಾಲಿನ ಪದಾರ್ಥ ಒಳಗೆ ಬಿಡುವುದಿಲ್ಲ. ಕಟಕ್ ರೊಟ್ಟಿ, ಗುರೆಳ್ಳು ಪುಡಿ ತಾ. ಊಟದ ಚಿಂತೆ ಮಾಡಬೇಡ, ಮಾಂಸವಿಲ್ಲದ ಪಿಜ್ಜಾ, ಪಾಸ್ತಾ ಎಲ್ಲ ಕಡೆಯೂ ಸಿಗುತ್ತದೆ. ನಾನು ಚೆನ್ನಾಗಿಯೇ ತಿನ್ನುತ್ತಿದ್ದೇನೆ, ತೂಕ ಇಳಿದಿಲ್ಲ, ನಿದ್ದೆಯೂ ಚೆನ್ನಾಗಿದೆ. ಚಿಂತೆ ಮಾಡುವಂಥದ್ದು ಏನೂ ಇಲ್ಲ, ನಿಜವಾಗಿಯೂ ಏನೂ ಇಲ್ಲ.

ವಿನು ನಾಳೆ ಬೆಳಗಿನ ವಿಮಾನಕ್ಕೆ ಹೊರಟಿದ್ದಾನೆ, ಈಗಲೇ ಹೋಗಿ ಪತ್ರ ಕೊಟ್ಟು ಬರಬೇಕು. ಅಜ್ಜಿಗೆ, ಮಾವನಿಗೆ ನಮಸ್ಕಾರ.

ಇಂತಿ ನಿನ್ನ ಮಗಳು,
ಗಿರಿಜಾ

ಎಕ್ಸ್‌ರೇಯ ಫೋಟೋ ತೆಗೆದು ಇಂದೇ ಮೊಬೈಲಿಗೆ ಕಳಿಸು. ಅಪ್ಪ ಕೊಡದಿದ್ದರೆ ಬೀರುವಿನ ಮೇಲಿನ ಅರೆಯಲ್ಲಿ ನೋಡು, ಅಲ್ಲೇ ಇಟ್ಟಿರುತ್ತಾರೆ.