ಪರ್ವತದ ಕಟ್ಟಡಕ್ಕೆ ಸೌರ ಫಲಕ: ಲೆಕ್ಕ ಚಳಿಗಾಲದಿಂದ ಶುರುವಾಗಲಿ

ಮಾನ್ಯ ಸಂಪಾದಕರೇ,

ಚಾವಣಿಯ ಮೇಲೆ ಸೌರ ಫಲಕ ಹಾಕಿಸಿಕೊಂಡವರ ಅನುಭವಗಳನ್ನು ಪತ್ರಿಕೆಗಳು ಆಗಾಗ ಪ್ರಕಟಿಸುತ್ತವೆ. ವರ್ಷಕ್ಕೆ ಇಷ್ಟು ಯೂನಿಟ್ ಬಂತು ಎಂಬ ಅಂಕಿ ಅವುಗಳಲ್ಲಿ ತಪ್ಪದೆ ಇರುತ್ತದೆ. ಬಯಲಿನ ಕಟ್ಟಡಕ್ಕೆ ಆ ಅಂಕಿ ಸಾಕಾದೀತು. ಆದರೆ ಹಿಮ ಬೀಳುವ ಪರ್ವತ ಪ್ರದೇಶದ ಶಾಲೆಗೋ ವಸತಿಗೃಹಕ್ಕೋ ಆರೋಗ್ಯ ಕೇಂದ್ರಕ್ಕೋ ಅದು ದಾರಿ ತಪ್ಪಿಸುವ ಅಂಕಿ. ಏಕೆಂದರೆ ಅಲ್ಲಿ ವಿದ್ಯುತ್ತಿನ ಅಗತ್ಯ ಹೆಚ್ಚುವುದೂ ಬಿಸಿಲು ಕಡಿಮೆಯಾಗುವುದೂ ಒಂದೇ ತಿಂಗಳಲ್ಲಿ. ಇಂಥ ಯೋಜನೆಗಳ ನಕ್ಷೆಗಳನ್ನು ಪರಿಶೀಲಿಸುವ ಕೆಲಸದಲ್ಲಿ ಇರುವವನಾಗಿ, ಎಷ್ಟು ಕಿಲೋವ್ಯಾಟ್ ಎಂಬ ಪ್ರಶ್ನೆ ಮೊದಲು ಬಂದು ಉಳಿದೆಲ್ಲವೂ ಅದರ ಹಿಂದೆ ತೆವಳುತ್ತ ಬರುವುದನ್ನು ನೋಡಿ ಬೇಸತ್ತು ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ನೋಡಬೇಕಾದದ್ದು ಎದುರಿನ ಗಿರಿಸಾಲನ್ನು. ಉತ್ತರ ಅಕ್ಷಾಂಶ 32 ಡಿಗ್ರಿಯ ಬಳಿ ಡಿಸೆಂಬರ್ 21ರ ನಡುಹಗಲಿನಲ್ಲಿ ಸೂರ್ಯ ದಿಗಂತದಿಂದ ಸುಮಾರು 34 ಡಿಗ್ರಿಯಷ್ಟೇ ಮೇಲೇರುತ್ತಾನೆ. ದಕ್ಷಿಣಕ್ಕೆ 500 ಮೀಟರ್ ದೂರದಲ್ಲಿ, ಚಾವಣಿಗಿಂತ 300 ಮೀಟರ್ ಎತ್ತರಕ್ಕೆ ಒಂದು ಗಿರಿಸಾಲು ಇದೆಯೆನ್ನಿ. ಚಾವಣಿಯಿಂದ ನೋಡಿದರೆ ಅದರ ನೆತ್ತಿ 31 ಡಿಗ್ರಿ ಕೋನದಲ್ಲಿ ಕಾಣುತ್ತದೆ. ಸಾಲು ಆಚೀಚೆಗೂ ಅಷ್ಟೇ ಕೋನದಲ್ಲಿ ಚಾಚಿಕೊಂಡಿದ್ದರೆ ಆ ದಿನ ಫಲಕಗಳಿಗೆ ನೇರ ಬಿಸಿಲು ಸಿಗುವುದು ಮೂರು ಗಂಟೆಗೂ ಕಡಿಮೆ. ಅದೇ ಗಿರಿಸಾಲು ಇನ್ನೊಂದು ನೂರು ಮೀಟರ್ ಎತ್ತರವಿದ್ದರೆ ಕೋನ 38 ಡಿಗ್ರಿ ದಾಟುತ್ತದೆ. ಆಗ ನವೆಂಬರಿನ ಮೂರನೇ ವಾರದಿಂದ ಸುಮಾರು ಎರಡು ತಿಂಗಳು ಆ ಚಾವಣಿಗೆ ಸೂರ್ಯದರ್ಶನವೇ ಇಲ್ಲ. ಜೂನ್ ತಿಂಗಳಲ್ಲಿ ಬಂದು ಸ್ಥಳ ನೋಡಿ ಹೋದವರಿಗೆ ಇದು ಹೊಳೆಯುವುದೇ ಇಲ್ಲ, ಆಗ ಸೂರ್ಯ 81 ಡಿಗ್ರಿಯಲ್ಲಿ ಹೆಚ್ಚುಕಡಿಮೆ ತಲೆಯ ಮೇಲೆಯೇ ಇರುತ್ತಾನೆ. ನಾರ್ವೆಯ ರ್ಯೂಕನ್ ಊರಿನವರು ಚಳಿಗಾಲದಲ್ಲಿ ಚೌಕಕ್ಕೆ ಬಿಸಿಲು ಇಳಿಸಲು 2013ರಲ್ಲಿ ಬೆಟ್ಟದ ಮೇಲೆ ಕನ್ನಡಿಗಳನ್ನೇ ನಿಲ್ಲಿಸಬೇಕಾಯಿತು. ಆಳ ಕಣಿವೆಯಲ್ಲಿ ವಾಸಿಸುವುದೆಂದರೆ ಹೀಗೆ. ನಮಗೆ ಕನ್ನಡಿ ಬೇಡ. ಒಂದು ದಿಕ್ಸೂಚಿ, ಕೋನ ಅಳೆಯುವ ಸಲಕರಣೆ, ಅರ್ಧ ದಿನದ ತಾಳ್ಮೆ ಸಾಕು. ಚಾವಣಿಯಲ್ಲಿ ನಿಂತು ಪೂರ್ವದಿಂದ ಪಶ್ಚಿಮದವರೆಗೆ ಹತ್ತು ಡಿಗ್ರಿಗೊಮ್ಮೆ ಗಿರಿಸಾಲಿನ ಕೋನ ಬರೆದುಕೊಂಡು ಸೂರ್ಯಪಥದ ನಕ್ಷೆಯ ಮೇಲೆ ಇಟ್ಟರೆ ಯಾವ ತಿಂಗಳಲ್ಲಿ ಎಷ್ಟು ಹೊತ್ತಿಗೆ ನೆರಳು ಎಂಬುದು ಕಣ್ಣಿಗೆ ಕಟ್ಟುತ್ತದೆ. ಯುರೋಪಿಯನ್ ಒಕ್ಕೂಟದ ಸಂಶೋಧನಾ ಕೇಂದ್ರ ಉಚಿತವಾಗಿ ಒದಗಿಸುವ ಪಿವಿಜಿಐಎಸ್ ತಂತ್ರಾಂಶವೂ ಭೂಮಿಯ ಏರಿಳಿತದ ದತ್ತಾಂಶದಿಂದ ದಿಗಂತದ ನೆರಳನ್ನು ಲೆಕ್ಕ ಹಾಕುತ್ತದೆ, ಆದರೆ ಅಂಗಳದ ದೇವದಾರು ಮರವೂ ಪಕ್ಕದ ನೀರಿನ ಟ್ಯಾಂಕೂ ಅದಕ್ಕೆ ಕಾಣುವುದಿಲ್ಲ.

ಈ ನಕ್ಷೆ ಕೈಯಲ್ಲಿದ್ದರೆ ದಿಕ್ಕು ಮತ್ತು ಓರೆಯ ನಿರ್ಧಾರ ತಾನಾಗಿ ಬದಲಾಗುತ್ತದೆ. ಪೂರ್ವದ ಬೆಟ್ಟ ಹತ್ತು ಗಂಟೆಯವರೆಗೆ ಬಿಸಿಲನ್ನು ತಡೆಯುವುದಾದರೆ ಫಲಕಗಳನ್ನು ನೇರ ದಕ್ಷಿಣಕ್ಕೆ ಬದಲು ನೈಋತ್ಯದ ಕಡೆಗೆ ತುಸು ತಿರುಗಿಸುವುದೇ ಲಾಭ. ವಾರ್ಷಿಕ ಗರಿಷ್ಠಕ್ಕಾಗಿ ಅಕ್ಷಾಂಶಕ್ಕೆ ಹತ್ತಿರದ ಓರೆ ಕೊಡುವುದು ಬಯಲಿನ ರೂಢಿ. ಚಳಿಗಾಲದ ತಗ್ಗು ಸೂರ್ಯನಿಗೆ, ಹಿಮ ಜಾರಿ ಬೀಳುವುದಕ್ಕೆ, 50-60 ಡಿಗ್ರಿಯ ಕಡಿದಾದ ಓರೆ ಮೇಲು. ಚಾವಣಿಗಿಂತ ದಕ್ಷಿಣದ ಗೋಡೆಯೇ ಒಳ್ಳೆಯ ಜಾಗವಾಗುವ ಸಂದರ್ಭಗಳೂ ಇವೆ, ಏಕೆಂದರೆ ಗೋಡೆಯ ಮೇಲೆ ಹಿಮ ನಿಲ್ಲುವುದಿಲ್ಲ. ಜೊತೆಗೆ ಬೀಳುವ ಬೆಳಕಿನ ಶೇ 80ಕ್ಕೂ ಹೆಚ್ಚನ್ನು ಮರಳಿಸಬಲ್ಲ ಹೊಸ ಹಿಮದಿಂದ ಚಿಮ್ಮುವ ಬೆಳಕೂ ಗೋಡೆಗೆ ಸಿಗುತ್ತದೆ. ಸ್ವಿಟ್ಜರ್ಲೆಂಡಿನಲ್ಲಿ 2,883 ಮೀಟರ್ ಎತ್ತರದಲ್ಲಿ 2009ರಲ್ಲಿ ತೆರೆದ ಹೊಸ ಮಾಂಟೆ ರೋಸಾ ತಂಗುದಾಣದಲ್ಲಿ ಫಲಕಗಳಿರುವುದು ದಕ್ಷಿಣದ ಗೋಡೆಯಲ್ಲಿಯೇ. ಬೆಟ್ಟದಲ್ಲಿ ಸೌರ ವಿದ್ಯುತ್ತು ಆಗದ ಮಾತು ಎಂದು ನಾನು ಹೇಳುತ್ತಿಲ್ಲ ಎಂಬುದಕ್ಕೆ ಈ ಉದಾಹರಣೆ. ಮೋಡದ ಮೇಲಿನ ತಿಳಿಗಾಳಿಯಲ್ಲಿ ಬಿಸಿಲು ಪ್ರಖರ, ಚಳಿಯಲ್ಲಿ ಫಲಕದ ದಕ್ಷತೆಯೂ ಹೆಚ್ಚು.

ಹಿಮದ ಭಾರದ ವಿಷಯದಲ್ಲಿ ನಮ್ಮವರ ಉದಾಸೀನ ನನಗೆ ಅರ್ಥವಾಗಿಲ್ಲ. ಸಾಮಾನ್ಯ ಫಲಕಗಳನ್ನು 2,400 ಪ್ಯಾಸ್ಕಲ್ ಒತ್ತಡಕ್ಕೆ, ಹಿಮಪ್ರದೇಶಕ್ಕೆಂದು ಮಾರುವವುಗಳನ್ನು 5,400 ಪ್ಯಾಸ್ಕಲ್ ಒತ್ತಡಕ್ಕೆ ಪರೀಕ್ಷಿಸುತ್ತಾರೆ. ಚದರ ಮೀಟರಿಗೆ ಸುಮಾರು 245 ಮತ್ತು 550 ಕಿಲೋ ಎಂದು ಓದಿಕೊಳ್ಳಬಹುದು. ಆದರೆ ಅದು ಪರೀಕ್ಷೆಯ ಅಂಕಿ. ವಿನ್ಯಾಸಕ್ಕೆ ಬಳಸುವಾಗ ಒಂದೂವರೆಯಿಂದ ಭಾಗಿಸಬೇಕು. ಹೊಸ ಹಿಮ ಹತ್ತಿಯಂತೆ ಹಗುರ, ಘನ ಮೀಟರಿಗೆ ನೂರು ಕಿಲೋ ಕೂಡ ಇರುವುದಿಲ್ಲ. ವಾರಗಟ್ಟಲೆ ಕೂತು ಗಟ್ಟಿಯಾದದ್ದು 300 ಕಿಲೋ ಮುಟ್ಟುತ್ತದೆ, ಮಳೆ ಕುಡಿದದ್ದು ಅದನ್ನೂ ಮೀರುತ್ತದೆ. ಇದಲ್ಲದೆ ಓರೆ ಫಲಕದ ಮೇಲಿನ ಹಿಮ ಸಮನಾಗಿ ಕೂರದೆ ಕೆಳಕ್ಕೆ ಜರುಗಿ ಕೆಳಗಿನ ಅಂಚಿಗೇ ಒರಗುತ್ತದೆ. ಒಂದು ಕಟ್ಟಡದಲ್ಲಿ ಕೊನೆಯ ಸಾಲಿನ ಫಲಕಗಳ ಅಲ್ಯೂಮಿನಿಯಂ ಚೌಕಟ್ಟು ಹೊರಳಿದ ತುಟಿಯಂತೆ ಹೊರಕ್ಕೆ ಬಾಗಿ, ಗಾಜು ಅದರಿಂದ ಬೆರಳು ತೂರುವಷ್ಟು ಬಿಟ್ಟುಕೊಂಡಿತ್ತು. ಮೇಲಿನ ಸಾಲಿಗೆ ಒಂದು ಗೀರೂ ಆಗಿರಲಿಲ್ಲ. ಫಲಕದ ಕೆಳಗೆ ಹಿಮ ಜಾರಿ ಹೋಗಲು ಜಾಗ ಬಿಡದೆ, ಸಾಲಿನ ಅಂಚಿಗೇ ಹಿಮ ಜಾರದಂತೆ ಹಿಡಿಯುವ ತಡೆಪಟ್ಟಿ ಕೂರಿಸಿದ್ದರು. ತಡೆಪಟ್ಟಿ ಬೇಕಾದದ್ದು ಬಾಗಿಲ ಮೇಲೆ, ಜನ ಓಡಾಡುವ ಕಡೆ. ಫಲಕದ ಉದ್ದ ಬದಿಯನ್ನು ಮೇಲೆ-ಕೆಳಗಾಗಿ ನಿಲ್ಲಿಸಿ ಕೂರಿಸಬೇಕೋ ಅಡ್ಡಕ್ಕೆ ಮಲಗಿಸಿಯೋ ಎಂಬುದೂ ಇಲ್ಲಿ ಅಲಂಕಾರದ ಪ್ರಶ್ನೆಯಲ್ಲ. ಪೂರ್ಣ ಕೋಶಗಳ ಹಳೆಯ ಬಗೆಯ ಫಲಕದಲ್ಲಿ ನೆರಳು ಬಿದ್ದ ಭಾಗವನ್ನು ಬಿಟ್ಟು ವಿದ್ಯುತ್ತನ್ನು ಪಕ್ಕದಿಂದ ಹಾಯಿಸುವ ಬೈಪಾಸ್ ಡಯೋಡ್‌ಗಳು ಉದ್ದಕ್ಕೆ ಮೂರು ಪಟ್ಟಿಗಳನ್ನು ಕಾಯುತ್ತವೆ. ನಿಲ್ಲಿಸಿದಾಗ ಕೆಳಗಿನ ಒಂದು ಗೇಣು ಹಿಮ ಮೂರೂ ಪಟ್ಟಿಗಳನ್ನು ಮುಚ್ಚಿ ಇಡೀ ಫಲಕವನ್ನು ಸುಮ್ಮನಾಗಿಸುತ್ತದೆ, ಮಲಗಿಸಿದರೆ ಒಂದೇ ಪಟ್ಟಿ ಹೋಗುತ್ತದೆ. ಕೋಶಗಳನ್ನು ಅರ್ಧಕ್ಕೆ ಕತ್ತರಿಸಿ ಮೇಲೊಂದು ಕೆಳಗೊಂದು ಗುಂಪಾಗಿ ಜೋಡಿಸಿದ ಈಗಿನ ಫಲಕದಲ್ಲಿ ನಿಲ್ಲಿಸಿದರೂ ಮೇಲಿನ ಅರ್ಧ ದುಡಿಯುತ್ತಲೇ ಇರುತ್ತದೆ.

ಇನ್ನು ಚಳಿ ಮತ್ತು ವೋಲ್ಟೇಜಿನ ಲೆಕ್ಕ. ಇದನ್ನು ತಪ್ಪಿದರೆ, ಫಲಕದ ವಿದ್ಯುತ್ತನ್ನು ಕಟ್ಟಡದ ಬಳಕೆಗೆ ತಕ್ಕಂತೆ ಬದಲಿಸುವ ಇನ್ವರ್ಟರ್ ಸುಡುತ್ತದೆ. ಫಲಕದ ವಿವರಪಟ್ಟಿಯಲ್ಲಿರುವ ವೋಲ್ಟೇಜು ಕೋಶದ ಉಷ್ಣತೆ 25 ಡಿಗ್ರಿ ಸೆಲ್ಸಿಯಸ್ ಇದ್ದಾಗಿನದು. ಉಷ್ಣತೆ ಇಳಿದಂತೆ ಅದು ಏರುತ್ತದೆ, ಸಿಲಿಕಾನ್ ಫಲಕಗಳಲ್ಲಿ ಪ್ರತಿ ಡಿಗ್ರಿಗೆ ಹೆಚ್ಚುಕಡಿಮೆ ಶೇ 0.27ರಷ್ಟು. ತೆರೆದ ಮಂಡಲದಲ್ಲಿ, ಅಂದರೆ ಹೊರೆ ಇಲ್ಲದಾಗ, ತಲಾ 50 ವೋಲ್ಟ್ ಕೊಡುವ 11 ಫಲಕಗಳನ್ನು ಸರಣಿಯಲ್ಲಿ ಜೋಡಿಸಿದರೆ ಕಾಗದದ ಮೇಲೆ 550 ವೋಲ್ಟ್, 600 ವೋಲ್ಟ್ ಮಿತಿಯ ಇನ್ವರ್ಟರಿಗೆ ನಿರಾಳ. ಮೈನಸ್ 15 ಡಿಗ್ರಿಯ ಬೆಳಿಗ್ಗೆ ಅದೇ ಸರಣಿ 609 ವೋಲ್ಟ್ ತಲಪುತ್ತದೆ. ಅಪಾಯದ ಗಳಿಗೆ ನಡುಹಗಲಲ್ಲ, ಸೂರ್ಯ ಗಿರಿಸಾಲನ್ನು ದಾಟಿ ಮೊದಲ ಕಿರಣ ಬಿದ್ದ ಕೂಡಲೇ. ರಾತ್ರಿಯಿಡೀ ಮರಗಟ್ಟಿದ ಫಲಕ ಇನ್ನೂ ಕಾದಿರುವುದಿಲ್ಲ, ಇನ್ವರ್ಟರ್ ಇನ್ನೂ ಹೊರೆ ಎಳೆಯುತ್ತಿರುವುದಿಲ್ಲ. ಹತ್ತು ಫಲಕಗಳಿಗೆ ನಿಲ್ಲಿಸಿದ್ದರೆ 554 ವೋಲ್ಟಿನಲ್ಲಿ ಮುಗಿಯುತ್ತಿತ್ತು. ಆದ್ದರಿಂದ ಸರಣಿಯ ಉದ್ದ ನಿಗದಿಯಾಗಬೇಕಾದದ್ದು ಆ ಸ್ಥಳದಲ್ಲಿ ದಾಖಲಾದ ಅತಿ ಕಡಿಮೆ ಉಷ್ಣತೆಯಿಂದ, ಚಳಿಗಾಲದ ಸರಾಸರಿಯಿಂದಲ್ಲ.

ಎತ್ತರವೂ ತನ್ನ ಪಾಲು ಕೇಳುತ್ತದೆ. ಸಮುದ್ರಮಟ್ಟದಿಂದ 3,000 ಮೀಟರ್ ಮೇಲೆ ಗಾಳಿಯ ಒತ್ತಡ ಸುಮಾರು ಶೇ 70ಕ್ಕೆ ಇಳಿದಿರುತ್ತದೆ. ತೆಳುವಾದ ಗಾಳಿ ಶಾಖವನ್ನೂ ಸರಿಯಾಗಿ ಒಯ್ಯುವುದಿಲ್ಲ, ವಿದ್ಯುತ್ ನಿರೋಧಕವಾಗಿಯೂ ದುರ್ಬಲ. ಅದಕ್ಕೇ ಬಹಳಷ್ಟು ಇನ್ವರ್ಟರುಗಳ ಪೂರ್ಣ ಸಾಮರ್ಥ್ಯದ ಭರವಸೆ 2,000 ಮೀಟರಿಗೆ ನಿಂತುಬಿಡುತ್ತದೆ, ಮತ್ತು ಆ ಸಾಲನ್ನು ವಿವರಪಟ್ಟಿಯ ಕೊನೆಯ ಪುಟದಲ್ಲಿ ಹುಡುಕಿಯೇ ಓದಬೇಕು. ಬ್ಯಾಟರಿಯ ಮಾತು ಇನ್ನೂ ಸೂಕ್ಷ್ಮ. ಲಿಥಿಯಂ ಬ್ಯಾಟರಿಯನ್ನು ಶೂನ್ಯ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಒಳಗೆ ಲಿಥಿಯಂ ಲೋಹ ಲೇಪವಾಗಿ ಕೂತು ಶಾಶ್ವತ ಹಾನಿಯಾಗುತ್ತದೆ. ಸೀಸ-ಆಮ್ಲದ ಬ್ಯಾಟರಿ ಪೂರ್ತಿ ಚಾರ್ಜ್ ಆಗಿದ್ದರೆ ಎಂಥ ಚಳಿಯನ್ನೂ ತಾಳುತ್ತದೆ, ಬರಿದಾಗಿದ್ದರೆ ಶೂನ್ಯದಿಂದ ಕೆಲವೇ ಡಿಗ್ರಿ ಕೆಳಗೆ ಅದರೊಳಗಿನ ದ್ರವ ಹೆಪ್ಪುಗಟ್ಟಿ ಪೆಟ್ಟಿಗೆಯೇ ಸೀಳುತ್ತದೆ. ಹೊರಗಿನ ತಗಡಿನ ಗೂಡಿನಲ್ಲಿ ಬ್ಯಾಟರಿ ಇಡುವ ನಕ್ಷೆಗೆ ಒಪ್ಪಿಗೆ ಕೊಡಬಾರದು.

ಗಾಳಿಗೆ ಚಾವಣಿಯ ಮೂಲೆ ಮತ್ತು ಅಂಚುಗಳಲ್ಲಿ ಎತ್ತುವ ಬಲ ಹೆಚ್ಚು, ಅಲ್ಲಿ ಫಲಕ ಬೇಡ. ಬಂಡೆಯ ನೆಲದಲ್ಲಿ ಒಂದೇ ಸರಳು ಹೂಳಿದರೆ ಅರ್ತಿಂಗ್ ಆಗುವುದಿಲ್ಲ, ಕಟ್ಟಡದ ಸುತ್ತ ತಂತಿಯನ್ನು ಬಳೆಯಂತೆ ಹೂಳಬೇಕು. ಸಾಗಣೆಯನ್ನು ಮಾತ್ರ ಯಾರೂ ನಕ್ಷೆಯಲ್ಲಿ ಬರೆಯುವುದಿಲ್ಲ. ಕಾಲುದಾರಿಯಲ್ಲಿ ಫಲಕವನ್ನು ತಲೆಯ ಮೇಲೆ ಮಲಗಿಸಿ ಹೊತ್ತರೆ ಹೆಜ್ಜೆಗೊಮ್ಮೆ ಅದು ಬಳುಕಿ ಕೋಶಗಳಲ್ಲಿ ಕಣ್ಣಿಗೆ ಕಾಣದ ಬಿರುಕು ಬೀಳುತ್ತದೆ, ಎರಡು ಚಳಿಗಾಲ ಕಳೆದ ಮೇಲೆ ಉತ್ಪಾದನೆ ಕುಸಿದಾಗ ತಯಾರಕರನ್ನು ಬೈಯುತ್ತೇವೆ. ನಿಲ್ಲಿಸಿ, ಇಬ್ಬರು ಹಿಡಿದು ಒಯ್ಯಬೇಕು. ದಾರಿ ಮುಚ್ಚುವ ಮೊದಲೇ ಒಂದೆರಡು ಹೆಚ್ಚುವರಿ ಫಲಕ, ಫ್ಯೂಸ್, ಕನೆಕ್ಟರ್‌ಗಳನ್ನು ಮೇಲೆ ತಲಪಿಸಿಡುವುದು ಒಳ್ಳೆಯದು, ನಾಲ್ಕು ವರ್ಷದ ನಂತರ ಅದೇ ಅಳತೆಯ ಫಲಕ ಮಾರುಕಟ್ಟೆಯಲ್ಲಿ ಸಿಗುವ ಖಾತ್ರಿಯಿಲ್ಲ.

ಪತ್ರಿಕೆಗೆ ನನ್ನ ವಿನಂತಿ ಇಷ್ಟೇ. ಪರ್ವತ ಪ್ರದೇಶದ ಯಾವುದೇ ಸೌರ ಕಟ್ಟಡದ ವರದಿ ಪ್ರಕಟಿಸುವಾಗ ವಾರ್ಷಿಕ ಯೂನಿಟ್‌ಗಳ ಪಕ್ಕದಲ್ಲಿ ಅತಿ ಕಡಿಮೆ ಉತ್ಪಾದನೆಯ ತಿಂಗಳ ಅಂಕಿಯನ್ನೂ, ಆ ತಿಂಗಳಲ್ಲಿ ಫಲಕಗಳು ಎಷ್ಟು ದಿನ ಹಿಮದಡಿ ಇದ್ದವು ಎಂಬುದನ್ನೂ ಕೇಳಿ ಅಚ್ಚು ಹಾಕಿ.

ಇತಿ ನಿಮ್ಮ ವಿಶ್ವಾಸಿ,
ಒಬ್ಬ ವಿದ್ಯುತ್ ಎಂಜಿನಿಯರ್