ಗ್ರಾಫ್ಟನ್‌ಗೆ ಹೊರಡುವ ಮುನ್ನ

ಬಾಸ್ಟನ್ ಸುತ್ತಮುತ್ತಲಿನ ಕನ್ನಡಿಗ ಬಂಧುಗಳೇ, ನಮಸ್ಕಾರ.

ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಗ್ರಾಫ್ಟನ್‌ನಂಥ ಹಳ್ಳಿಯಲ್ಲಿ ಮನೆ ಕೊಂಡು ‘ಫ್ರೀ ಸ್ಟೇಟ್ ಪ್ರಾಜೆಕ್ಟ್’ನವರೊಡನೆ, ಅಂದರೆ ಸರ್ಕಾರದ ಹಿಡಿತ ಕಡಿಮೆಯಿರಬೇಕೆಂದು ಒಂದೇ ರಾಜ್ಯಕ್ಕೆ ಬಂದು ಸೇರುವವರೊಡನೆ, ನೆಲೆಸುವ ಮಾತು ಮೂರು ದಿನದಿಂದ ಈ ಗುಂಪಿನಲ್ಲಿ ನಡೆದಿದೆ. ಆಸೆ ತಪ್ಪಲ್ಲ. 2001ರಲ್ಲಿ ಜೇಸನ್ ಸೊರೆನ್ಸ್ ಎಂಬ ಸಂಶೋಧನಾ ವಿದ್ಯಾರ್ಥಿ ಬಿತ್ತಿದ ಯೋಚನೆಯಿದು. 2003ರಲ್ಲಿ ಮತ ಹಾಕಿ ಈ ರಾಜ್ಯವನ್ನು ಆರಿಸಿಕೊಂಡರು, 2016ರ ಹೊತ್ತಿಗೆ 20,000 ಮಂದಿ ಬರುತ್ತೇವೆಂದು ಸಹಿ ಹಾಕಿದ್ದರು. ಸಹಿ ಹಾಕಿದವರೆಲ್ಲ ಗಂಟುಮೂಟೆ ಕಟ್ಟಲಿಲ್ಲ ಎಂಬುದು ಬೇರೆ ಮಾತು.

ಸಂಬಳದ ಮೇಲೆ ರಾಜ್ಯದ ತೆರಿಗೆ ಇಲ್ಲ, ಮಾರಾಟ ತೆರಿಗೆಯೂ ಇಲ್ಲ, ನಿಜ. ಆದರೆ ಆ ಭಾರದ ಬಹುಪಾಲು ಆಸ್ತಿ ತೆರಿಗೆಯ ಹೆಗಲೇರಿದೆ. ಮ್ಯಾಸಚೂಸೆಟ್ಸ್‌ನ ಕಚೇರಿಗೆ ಓಡಾಡುವವರು ಅಲ್ಲಿ ಗಳಿಸಿದ್ದಕ್ಕೆ ಅಲ್ಲಿಯೇ ತೆರಿಗೆ ಕಟ್ಟಬೇಕು.

ಮಕ್ಕಳಿರುವವರಿಗೆ ಇದೇ ರಾಜ್ಯದ ಕ್ರಾಯ್ಡನ್ ಊರಿನ ಕಥೆ ತಿಳಿದಿರಲಿ. 2022ರ ಮಾರ್ಚ್‌ನ ಊರಸಭೆಗೆ ಬಂದಿದ್ದ ಕೆಲವರೇ ಮತ ಹಾಕಿ ಶಾಲೆಯ ಬಜೆಟ್ಟನ್ನು ಸುಮಾರು 17 ಲಕ್ಷ ಡಾಲರ್‌ನಿಂದ 8 ಲಕ್ಷಕ್ಕೆ ಇಳಿಸಿಬಿಟ್ಟರು. ಸಭೆಗೆ ಬಾರದೆ ಮನೆಯಲ್ಲಿದ್ದವರು ಬೆಚ್ಚಿಬಿದ್ದು, ಮೇ ತಿಂಗಳಲ್ಲಿ ಮತ್ತೆ ಸೇರಿ ಅದನ್ನು ರದ್ದುಪಡಿಸಿದರು. ಗ್ರಾಫ್ಟನ್‌ನಲ್ಲಂತೂ ಅಂಗಳಕ್ಕೆ ಕರಡಿ ಬರುತ್ತದೆ. ಕಸದ ಡಬ್ಬಿಯನ್ನು ನೀವೇ ಕಾಯಬೇಕು.

ಎಚ್-1ಬಿ ವೀಸಾದವರು ಮನೆಯಿಂದಲೇ ಕೆಲಸ ಮಾಡುವುದಾದರೆ ಮೊದಲು ಕಂಪನಿಯ ವಕೀಲರನ್ನು ಕೇಳಿ. ಕೆಲಸದ ಜಾಗ ಬದಲಾದರೆ ಹೊಸದಾಗಿ ಅರ್ಜಿ ಸಲ್ಲಿಸಬೇಕಾಗಬಹುದು.

ಏಪ್ರಿಲ್‌ನ ಕೆಸರಿನ ಕಾಲದಲ್ಲಿ ಒಮ್ಮೆ ಊರು ನೋಡಿಬರೋಣ. ಬರುವವರು ಶುಕ್ರವಾರದೊಳಗೆ ಹೆಸರು ಬರೆಯಿರಿ. ರಾಜಕೀಯದ ಜಗಳ ಕಾರಿನಲ್ಲಿ ಮಾಡೋಣ, ಇಲ್ಲಿ ಬೇಡ.