ಗೆಳೆಯನಿಗೊಂದು ಪತ್ರ: ಮಗಳು ಯಾವ ಎಂಟ್ರೆನ್ಸ್ ಯಾವಾಗ ಬರೆಯಬೇಕು?

ಮೈಸೂರು

ಪ್ರೀತಿಯ ಗೆಳೆಯ,

ಮಗಳು ಸೆಕೆಂಡ್ ಪಿಯುಗೆ ಬಂದಳು, ರಾಜ್ಯದ ಸೀಟುಗಳ ಸಿಇಟಿ, ಐಐಟಿ-ಎನ್‌ಐಟಿಗಳ ಜೆಇಇ, ಮೆಡಿಕಲ್‌ನ ನೀಟ್, ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳ ಕಾಮೆಡ್‌ಕೆ ಎಲ್ಲವನ್ನೂ ಬರೆಸಬೇಕಾ, ಯಾವುದು ಯಾವಾಗ ಅಂತ ಕೇಳಿದ್ದೀಯ. ಫಸ್ಟ್ ಪಿಯುನಲ್ಲೇ ಒಂದು ಸಲ ಬರೆಸಿದ್ದರೆ ಅನುಭವ ಆಗುತ್ತಿತ್ತಲ್ಲ ಅನ್ನುವ ಕೊರಗು ಬೇರೆ. ಆ ಕೊರಗನ್ನು ಮೊದಲು ಬಿಡು. ಈ ಪರೀಕ್ಷೆಗಳಿಗೆ ಸೆಕೆಂಡ್ ಪಿಯು ಪಾಸಾಗಿರಬೇಕು, ಇಲ್ಲವೇ ಆ ವರ್ಷ ಪರೀಕ್ಷೆಗೆ ಕೂತಿರಬೇಕು. ಒಂದು ವರ್ಷ ಮೊದಲೇ ಬರೆಯುವ ದಾರಿ ಇಲ್ಲವೇ ಇಲ್ಲ. ನೀಟ್‌ಗಂತೂ ಆ ವರ್ಷದ ಡಿಸೆಂಬರ್ 31ಕ್ಕೆ 17 ತುಂಬಿರಬೇಕು. ಬೇಗ ಶಾಲೆಗೆ ಸೇರಿಸಿದ ಮಕ್ಕಳ ವಿಷಯದಲ್ಲಿ ಇದನ್ನು ಮರೆಯಬಾರದು. ಅನುಭವ ಬೇಕಿದ್ದರೆ ಹಳೆಯ ಸಿಇಟಿ ಪತ್ರಿಕೆ ತೆಗೆದುಕೊಂಡು, ಗಡಿಯಾರ ಇಟ್ಟು ಮನೆಯಲ್ಲೇ ಬರೆಸು. ಸಿಗುವುದು ಅದೇ ಅನುಭವ.

ಪರೀಕ್ಷೆಯ ತಾರೀಖನ್ನು ನಾವು ಆರಿಸುವುದಿಲ್ಲ, ಹೆಚ್ಚೂಕಡಿಮೆ ಎಲ್ಲವೂ ಮೊದಲೇ ಗೊತ್ತಾಗಿರುತ್ತದೆ. ವಿ.ಸಿ. ನಾಲೆಗೆ ನೀರು ಬಿಡುವ ದಿನ ನೋಡಿಕೊಂಡು ನಿಮ್ಮೂರಲ್ಲಿ ಭತ್ತದ ಸಸಿಗೆ ಒಟ್ಲು ಹಾಕುವಂತೆ, ಇಲ್ಲಿಯೂ ತಾರೀಖಿನಿಂದ ಹಿಂದಕ್ಕೆ ಲೆಕ್ಕ ಹಾಕಿಕೊಂಡು ಬರಬೇಕು. ಫಸ್ಟ್ ಪಿಯು ಪಾಠ ಯಾವಾಗ ಗಟ್ಟಿಯಾಗಬೇಕು, ಕಾಗದಪತ್ರ ಯಾವಾಗ ಕೈಗೆ ಬರಬೇಕು ಅನ್ನುವ ಎರಡು ದಿನಗಳಷ್ಟೇ ನಿನ್ನ ಕೈಯಲ್ಲಿರುವುದು.

2025ರ ವರ್ಷವನ್ನೇ ನೋಡು, ಅಳತೆ ಸಿಗುತ್ತದೆ. ಜೆಇಇ ಮೇನ್‌ನ ಮೊದಲ ಸೆಷನ್ ಜನವರಿ 22ರಿಂದ ಶುರುವಾಯಿತು. ಸೆಕೆಂಡ್ ಪಿಯು ಪರೀಕ್ಷೆ-1 ಮಾರ್ಚ್ 1ರಿಂದ 20. ಜೆಇಇ ಎರಡನೇ ಸೆಷನ್ ಏಪ್ರಿಲ್ 2ರಿಂದ. ಸಿಇಟಿ ಏಪ್ರಿಲ್ 16 ಮತ್ತು 17. ನೀಟ್ ಮೇ 4, ಕಾಮೆಡ್‌ಕೆ ಮೇ 10, ಐಐಟಿಗೆ ಬೇಕಾದ ಜೆಇಇ ಅಡ್ವಾನ್ಸ್ಡ್ ಮೇ 18. ಅಂದರೆ ಜನವರಿ ಕೊನೆಯಿಂದ ಮೇ ನಡುವಿನವರೆಗೆ ನಾಲ್ಕು ತಿಂಗಳೂ ತುಂಬದ ಅವಧಿಯಲ್ಲಿ ಎಲ್ಲವೂ ಬಂದು ಬೀಳುತ್ತವೆ. ಒಂದೊಂದು ವರ್ಷ ತಾರೀಖು ಕೆಲವು ದಿನ ಹಿಂದೆ ಮುಂದೆ ಆಗುತ್ತದೆ, ಈ ವರಸೆ ಮಾತ್ರ ಇತ್ತೀಚಿನ ವರ್ಷಗಳಲ್ಲಿ ಹೀಗೇ ಇದೆ. ಎಲ್ಲದಕ್ಕೂ ಅಪ್ಲಿಕೇಶನ್ ಹಾಕಿ ಯಾವುದಕ್ಕೂ ತಯಾರಾಗದೆ ಹೋಗುವ ಮಕ್ಕಳನ್ನು ಮಂಡ್ಯ, ಮೈಸೂರು ಎರಡೂ ಕಡೆ ಪ್ರತಿ ವರ್ಷ ನೋಡಬಹುದು. ದಯವಿಟ್ಟು ಹಾಗೆ ಮಾಡಬೇಡ.

ಮೊದಲು ಸಿಇಟಿ, ಏಕೆಂದರೆ ನಮ್ಮ ಕಡೆಯ ಹೆಚ್ಚಿನ ಮಕ್ಕಳಿಗೆ ಸೀಟು ಕೊಡುವುದು ಅದೇ. ಎಂಜಿನಿಯರಿಂಗ್‌ಗೆ ಮಂಡ್ಯದ ಪಿಇಎಸ್ ಇರಲಿ, ಮೈಸೂರಿನ ಎನ್‌ಐಇ ಇರಲಿ, ಸರ್ಕಾರಿ ಕೋಟಾದ ಸೀಟು ಅಂದರೆ ಸಿಇಟಿ ರ‍್ಯಾಂಕ್. ವಿ.ಸಿ. ಫಾರಂನ ಕೃಷಿ ಕಾಲೇಜಿಗೂ ಸಿಇಟಿ ಬರೆದಿರಲೇಬೇಕು. ಒಂದೊಂದು ವಿಷಯಕ್ಕೆ 60 ಪ್ರಶ್ನೆ, 60 ಅಂಕ, 80 ನಿಮಿಷ. ಅಂದರೆ ಒಂದು ಪ್ರಶ್ನೆಗೆ 80 ಸೆಕೆಂಡು. ತಪ್ಪಿಗೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಒಂದು ಪ್ರಶ್ನೆಯನ್ನೂ ಖಾಲಿ ಬಿಟ್ಟು ಬರಬಾರದು. ಇದು ಗೊತ್ತಿದ್ದೂ, ಗಣಿತದ ಪತ್ರಿಕೆಯಲ್ಲಿ ಒಂದು ಲೆಕ್ಕಕ್ಕೆ ಐದು ನಿಮಿಷ ಅಂಟಿಕೊಂಡು ಕೂತು ಕೊನೆಯ ಹತ್ತು ಪ್ರಶ್ನೆಗಳನ್ನು ಓದದೇ ಬರುವ ಮಕ್ಕಳಿದ್ದಾರೆ. ಇನ್ನು ಕೆಲವರು ಉತ್ತರವನ್ನೆಲ್ಲ ಪ್ರಶ್ನೆಪತ್ರಿಕೆಯಲ್ಲಿ ಗುರುತು ಹಾಕಿಕೊಂಡು, ಕೊನೆಗೆ ಒಟ್ಟಿಗೆ ಉತ್ತರದ ವೃತ್ತ ತುಂಬುವ ಓಎಂಆರ್ ಶೀಟಿಗೆ ಇಳಿಸಲು ಹೋಗುತ್ತಾರೆ. ಒಂದು ಸಾಲು ತಪ್ಪಿದರೆ ಅದರ ಕೆಳಗಿನದೆಲ್ಲ ತಪ್ಪು. ಹತ್ತು ಪ್ರಶ್ನೆಗೊಮ್ಮೆ ಇಳಿಸುವ ಅಭ್ಯಾಸವನ್ನು ಮನೆಯಲ್ಲೇ ಮಾಡಿಸು. ಪತ್ರಿಕೆಯ ವರ್ಷನ್ ಕೋಡ್ ಬರೆದು ತುಂಬಿಸುವುದು ಪ್ರಶ್ನೆ ಒಂದಕ್ಕಿಂತ ಮೊದಲಿನ ಕೆಲಸ ಅಂತ ಹೇಳಿಕೊಡು.

ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿಯ ಭೌತ, ರಸಾಯನ, ಗಣಿತದ ಅಂಕ ಅರ್ಧ, ಸಿಇಟಿಯ ಅವೇ ಮೂರು ವಿಷಯ ಅರ್ಧ. ಇಲ್ಲಿ ಒಂದು ಲೆಕ್ಕವನ್ನು ಸರಿಯಾಗಿ ನೋಡಿಕೋ. ಪಿಯುಸಿಯಲ್ಲಿ ಮೂರು ವಿಷಯ ಸೇರಿ 300, ಸಿಇಟಿಯಲ್ಲಿ 180. ಎರಡನ್ನೂ ಶೇಕಡಾಕ್ಕೆ ತಂದು ಸರಾಸರಿ ತೆಗೆಯುತ್ತಾರೆ. ಪಿಯುಸಿಯಲ್ಲಿ 270, ಸಿಇಟಿಯಲ್ಲಿ 90 ತೆಗೆದವಳಿಗೆ 90 ಮತ್ತು 50ರ ಸರಾಸರಿ 70. ಪಿಯುಸಿಯಲ್ಲಿ 285, ಸಿಇಟಿಯಲ್ಲಿ 81 ತೆಗೆದವಳಿಗೂ ಅದೇ 70. ಅಂದರೆ ಪಿಯುಸಿಯ 15 ಅಂಕವೂ ಸಿಇಟಿಯ 9 ಅಂಕವೂ ತೂಕದಲ್ಲಿ ಸಮ. 270ರಿಂದ 285ಕ್ಕೆ ಏರುವುದು ಎಷ್ಟು ಕಷ್ಟ ನಿನಗೇ ಗೊತ್ತು. ಸಿಇಟಿಯಲ್ಲಿ 81ರಿಂದ 90ಕ್ಕೆ ಏರುವುದು ಎಂದರೆ ಒಂದೊಂದು ವಿಷಯದಲ್ಲಿ ಮೂರೇ ಪ್ರಶ್ನೆ. ಬೋರ್ಡ್ ಪರೀಕ್ಷೆ ಮುಗಿದ ಮೇಲೆ ಸಿಇಟಿಗೆ ಮೊದಲು ಸಿಗುವ ಮೂರು-ನಾಲ್ಕು ವಾರಕ್ಕೆ ಬೆಲೆ ಬರುವುದು ಇದರಿಂದ. ಆ ವಾರಗಳಲ್ಲಿ ಮದುವೆ, ಜಾತ್ರೆ, ಊರು ತಿರುಗಾಟ ಇಟ್ಟುಕೊಳ್ಳಬೇಡಿ.

ಆ ವಾರಗಳಲ್ಲಿ ಸಾಮಾನ್ಯವಾಗಿ ಕೈ ಕೊಡುವುದು ಫಸ್ಟ್ ಪಿಯು ಪಾಠ. ಫಸ್ಟ್ ಪಿಯು ಅಂಕ ಯಾವ ರ‍್ಯಾಂಕಿಗೂ ಸೇರುವುದಿಲ್ಲ ಅನ್ನುವ ಒಂದೇ ಕಾರಣಕ್ಕೆ ಆ ವರ್ಷವನ್ನು ಹಗುರವಾಗಿ ಕಳೆಯುತ್ತಾರೆ. ಆದರೆ ಸಿಇಟಿ, ಜೆಇಇ, ನೀಟ್ ಮೂರೂ ಎರಡೂ ವರ್ಷದ ಪಾಠ ಕೇಳುತ್ತವೆ. ಅದು ಹಾಗಿರಲಿ, ಸೆಕೆಂಡ್ ಪಿಯು ಪಾಠ ನಿಂತಿರುವುದೇ ಅದರ ಮೇಲೆ. ವೆಕ್ಟರ್ ಬಾರದವಳಿಗೆ ವಿದ್ಯುತ್ ಕ್ಷೇತ್ರದ ಲೆಕ್ಕ ಬರುವುದಿಲ್ಲ. ತ್ರಿಕೋನಮಿತಿಯ ಸೂತ್ರ ನಾಲಿಗೆಯಲ್ಲಿಲ್ಲದಿದ್ದರೆ ಇಂಟಿಗ್ರೇಶನ್ ಅರ್ಧಕ್ಕೆ ನಿಲ್ಲುತ್ತದೆ. ರೆಡಾಕ್ಸ್ ಗೊತ್ತಿಲ್ಲದೆ ಎಲೆಕ್ಟ್ರೋಕೆಮಿಸ್ಟ್ರಿ ಓದಿದರೆ ಅದು ಬರೀ ಬಾಯಿಪಾಠ. ಮೋಲ್ ಲೆಕ್ಕ, ಸಾವಯವ ರಸಾಯನದ ಮೂಲ ತತ್ವ, ನ್ಯೂಟನ್ ನಿಯಮ, ಕೆಲಸ ಮತ್ತು ಶಕ್ತಿ, ಶಂಕುಚ್ಛೇದ ಇಷ್ಟನ್ನಾದರೂ ದಸರಾ ರಜೆ ಮುಗಿಯುವುದರೊಳಗೆ ಮತ್ತೊಮ್ಮೆ ಮುಗಿಸಿರಬೇಕು. ದಸರಾ ಅಂತ ಸುಮ್ಮನೆ ಹೇಳುತ್ತಿಲ್ಲ. ಅದಾದ ಮೇಲೆ ಕಾಲೇಜಿನಲ್ಲಿ ಉಳಿದ ಪಾಠ ಓಡಿಸುತ್ತಾರೆ, ಆಮೇಲೆ ಪೂರ್ವಸಿದ್ಧತಾ ಪರೀಕ್ಷೆ, ಪ್ರಾಕ್ಟಿಕಲ್. ಹಿಂದಿನ ವರ್ಷದ ಪುಸ್ತಕ ತೆರೆಯಲು ಮತ್ತೆ ಸಮಯ ಸಿಗುವುದು ಬೋರ್ಡ್ ಪರೀಕ್ಷೆ ಮುಗಿದ ಮೇಲೆಯೇ. ಆಗ ಹೊಸದಾಗಿ ಕಲಿಯಲು ಹೊರಟರೆ ಆಗುವುದಿಲ್ಲ, ತಿರುವಿ ಹಾಕಲಷ್ಟೇ ಆಗುವುದು.

ಇನ್ನು ಜೆಇಇ. ನನ್ನ ಅಭಿಪ್ರಾಯ ಖಚಿತ: ಎಂಜಿನಿಯರಿಂಗ್ ಮನಸ್ಸಿದ್ದರೆ ಜನವರಿ ಸೆಷನ್ ಬರೆಯಲೇಬೇಕು, ಏಪ್ರಿಲ್ ಸೆಷನ್ ಬರೆಯಬೇಕೋ ಬೇಡವೋ ಎಂಬುದನ್ನು ಜನವರಿಯ ಫಲಿತಾಂಶ ನೋಡಿ ತೀರ್ಮಾನಿಸಬೇಕು. ಎರಡು ಸೆಷನ್‌ಗಳಲ್ಲಿ ಒಳ್ಳೆಯದನ್ನೇ ರ‍್ಯಾಂಕಿಗೆ ಹಿಡಿಯುತ್ತಾರೆ, ಆದ್ದರಿಂದ ಜನವರಿಯಲ್ಲಿ ಕಡಿಮೆ ಬಂದರೂ ನಷ್ಟವಿಲ್ಲ. ಮೂರು ಗಂಟೆ ಕಂಪ್ಯೂಟರ್ ಮುಂದೆ 75 ಪ್ರಶ್ನೆ, 300 ಅಂಕ, ಸರಿಗೆ 4, ತಪ್ಪಿಗೆ 1 ಕಡಿತ. ಸಿಇಟಿಗೂ ಇದಕ್ಕೂ ಸ್ವಭಾವವೇ ಬೇರೆ. ಅಲ್ಲಿ ಎಲ್ಲವನ್ನೂ ತುಂಬಬೇಕು, ಇಲ್ಲಿ ಬಿಡುವುದನ್ನು ಕಲಿಯಬೇಕು. ಅಂಕದ ಬದಲು ಪರ್ಸೆಂಟೈಲ್ ಕೊಡುತ್ತಾರೆ. 90 ಅಂದರೆ ಬರೆದ ನೂರು ಜನರಲ್ಲಿ 90 ಜನ ಅವಳಿಗೆ ಸಮ ಅಥವಾ ಹಿಂದೆ ಅಂತ ಅರ್ಥ, ನೂರಕ್ಕೆ 90 ಅಂಕ ಅಂತಲ್ಲ. 2025ರಲ್ಲಿ ಅಡ್ವಾನ್ಸ್ಡ್‌ಗೆ ಸಾಮಾನ್ಯ ವರ್ಗದ ಕಟಾಫ್ 93.10 ಪರ್ಸೆಂಟೈಲ್, ಅದರ ಹಿಂದಿನ ವರ್ಷ 93.23. ಜನವರಿಯಲ್ಲಿ ಇದರ ಹತ್ತಿರ ಬಂದವಳು ಏಪ್ರಿಲ್‌ನಲ್ಲಿ ಮತ್ತೆ ಬರೆಯಲಿ. 70ರ ಆಸುಪಾಸು ಬಂದಿದ್ದರೆ ಬೋರ್ಡ್ ಮುಗಿದ ಮೊದಲ ಎರಡು ವಾರವನ್ನು ಜೆಇಇಗೆ ಸುರಿಯುವುದಕ್ಕಿಂತ ಸಿಇಟಿಗೆ ಕೊಡುವುದು ಮೇಲು. ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಅರ್ಧ ಸೀಟು ಕರ್ನಾಟಕದಲ್ಲಿ ಪಿಯುಸಿ ಮುಗಿಸಿದವರಿಗೆ ಮೀಸಲು, ಆ ಆಸೆ ಇದ್ದರೆ ಇನ್ನೊಂದು ವಿಷಯ ತಿಳಿದಿರಲಿ: ಎನ್‌ಐಟಿಗೆ ಪಿಯುಸಿಯಲ್ಲಿ ಒಂದು ಭಾಷೆಯೂ ಸೇರಿ ಐದು ವಿಷಯಕ್ಕೆ ಶೇ 75 ಬೇಕು, ಇಲ್ಲವೇ ಬೋರ್ಡಿನ ಮೇಲಿನ ಶೇ 20ರೊಳಗೆ ಇರಬೇಕು. ಸಿಇಟಿಗೆ ಸೇರದ ಭಾಷೆಯ ಅಂಕ ಇಲ್ಲಿ ಲೆಕ್ಕಕ್ಕೆ ಬರುತ್ತದೆ.

ಜನವರಿ ಸೆಷನ್ನಿಗೆ ಅಪ್ಲಿಕೇಶನ್ ಹಾಕುವುದು ಅಕ್ಟೋಬರ್ ಕೊನೆ, ನವೆಂಬರ್‌ನಲ್ಲಿ. ಪಿಯು ಪರೀಕ್ಷೆ ಮುಗಿದ ಮೇಲೆ ಎಲ್ಲಾ ಎಂಟ್ರೆನ್ಸ್‌ಗಳ ವಿಚಾರ ಮಾಡೋಣ ಅನ್ನುವವರಿಗೆ ತಪ್ಪಿಹೋಗುವುದು ಇದೇ. ಕಾನೂನು ಓದಬೇಕೆಂದರೆ ಇನ್ನೂ ಬೇಗ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನ ಐದು ವರ್ಷದ ಕೋರ್ಸಿಗೆ ಬೇಕಾದ ಕ್ಲ್ಯಾಟ್ ನಡೆಯುವುದು ಡಿಸೆಂಬರ್‌ನಲ್ಲಿ, ಬೋರ್ಡ್ ಪರೀಕ್ಷೆಗೂ ಮೊದಲು. ನಮ್ಮ ಜಿಲ್ಲೆಗಳಲ್ಲಿ ಆರ್ಟ್ಸ್, ಕಾಮರ್ಸ್ ಮಕ್ಕಳಿಗೆ ಈ ಪರೀಕ್ಷೆಯ ಸುದ್ದಿಯನ್ನೇ ಯಾರೂ ಹೇಳುವುದಿಲ್ಲ ಅನ್ನುವುದು ನನಗೆ ನಿಜವಾಗಿ ಸಂಕಟ. ನಿನ್ನ ಅಣ್ಣನ ಮಗ ಕಾಮರ್ಸ್ ಅಲ್ಲವೇ? ಅವನಿಗೆ ತಿಳಿಸು.

ನೀಟ್ ವರ್ಷಕ್ಕೆ ಒಂದೇ ಸಲ, ಸಾಮಾನ್ಯವಾಗಿ ಮೇ ಮೊದಲ ಭಾನುವಾರ. 180 ಪ್ರಶ್ನೆ, 180 ನಿಮಿಷ, 720 ಅಂಕ. ಅದರಲ್ಲಿ ಅರ್ಧ, ಅಂದರೆ 360, ಜೀವಶಾಸ್ತ್ರ. ಮಗಳು ಪಿಸಿಎಂಬಿ, ಅಂದರೆ ಗಣಿತ, ಜೀವಶಾಸ್ತ್ರ ಎರಡೂ ಇರುವ ವಿಜ್ಞಾನ, ತೆಗೆದುಕೊಂಡಿರುವುದರಿಂದ ಜೆಇಇ, ನೀಟ್ ಎರಡೂ ಬರೆಯಲಿ ಅನ್ನುತ್ತೀಯ. ಬೇಡ. ಒಂದು ಗಣಿತ ಕೇಳುತ್ತದೆ, ಇನ್ನೊಂದು ಜೀವಶಾಸ್ತ್ರದ ಎನ್‌ಸಿಇಆರ್‌ಟಿ ಪುಸ್ತಕವನ್ನು ಸಾಲುಸಾಲಾಗಿ ಕೇಳುತ್ತದೆ, ಎರಡಕ್ಕೂ ಬೇಕಾದ ಗಂಟೆಗಳು ಒಂದೇ ಸೆಕೆಂಡ್ ಪಿಯುನಲ್ಲಿ ಹೊಂದುವುದಿಲ್ಲ. ನೀಟ್ ಮುಖ್ಯ ಅಂದರೆ ಅದರ ಜೊತೆಗೆ ಸಿಇಟಿಯ ನಾಲ್ಕೂ ಪತ್ರಿಕೆ ಬರೆಯಲಿ. ಎಂಜಿನಿಯರಿಂಗ್, ಕೃಷಿ, ಪಶುವೈದ್ಯಕೀಯ, ಫಾರ್ಮಸಿಯ ಬಾಗಿಲು ತೆರೆದಿರುತ್ತದೆ. ನೀಟ್ ಬರೆದರೆ ಸಾಕು ಅಂತ ಕೂತರೆ ಮಾತ್ರ ಕೆಡುತ್ತೀಯ. ಮೈಸೂರು ಮೆಡಿಕಲ್ ಕಾಲೇಜೋ ಮಂಡ್ಯದ ಮಿಮ್ಸೋ, ರಾಜ್ಯದ ಕೋಟಾದ ಸೀಟಿಗೆ, ಸಿಇಟಿ ನಡೆಸುವ ಕೆಇಎಯಲ್ಲೂ ನೋಂದಣಿ ಆಗಿರಬೇಕು.

ಕಾಮೆಡ್‌ಕೆ ಬಗ್ಗೆ ಹೆಚ್ಚು ಹೇಳುವುದಿಲ್ಲ. 180 ಪ್ರಶ್ನೆ, ಮೂರು ಗಂಟೆ, ನೆಗೆಟಿವ್ ಅಂಕವಿಲ್ಲ, ರ‍್ಯಾಂಕಿಗೆ ಪಿಯು ಅಂಕ ಸೇರಿಸುವುದಿಲ್ಲ. ಸಿಇಟಿಗೆ ಓದಿದ್ದೇ ಸಾಕು. ಫೀ ಕಟ್ಟುವ ಶಕ್ತಿ ಇದೆಯೇ ಎಂದು ಮೊದಲು ಮನೆಯಲ್ಲಿ ಮಾತಾಡಿಕೊಂಡು ಆಮೇಲೆ ಅಪ್ಲಿಕೇಶನ್ ಹಾಕು.

ಈಗ ಕಾಗದಪತ್ರ. ಇದನ್ನು ಜೂನ್, ಜುಲೈನಲ್ಲೇ ಮುಗಿಸು. ಆಧಾರ್‌ನ ಬಯೋಮೆಟ್ರಿಕ್ ಅನ್ನು ಹದಿನೈದು ತುಂಬಿದ ಮೇಲೆ ಮತ್ತೆ ಕೊಡಬೇಕು, ಬಹಳ ಮನೆಗಳಲ್ಲಿ ಇದು ಬಾಕಿ ಇರುತ್ತದೆ. ಆಧಾರ್ ಮತ್ತು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರು, ಇನಿಷಿಯಲ್, ಹುಟ್ಟಿದ ದಿನ ಅಕ್ಷರಕ್ಕೆ ಅಕ್ಷರ ಹೊಂದಬೇಕು. ಒಂದರಲ್ಲಿ ಇನಿಷಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ ಇದ್ದರೆ ಆನ್‌ಲೈನ್ ಅಪ್ಲಿಕೇಶನ್ ಅಲ್ಲೇ ತಕರಾರು ತೆಗೆಯುತ್ತದೆ. ನಾಡಕಚೇರಿಯಿಂದ ಜಾತಿ-ಆದಾಯ ಪ್ರಮಾಣಪತ್ರ ತೆಗೆಸಿ ಅದರ ಮೇಲಿರುವ ಆರ್‌ಡಿ ನಂಬರ್ ಬರೆದಿಟ್ಟುಕೋ, ಸಿಇಟಿ ಅಪ್ಲಿಕೇಶನ್ ಕೇಳುವುದು ಆ ನಂಬರನ್ನೇ. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲೇ ಓದಿದವಳಾದ್ದರಿಂದ ಅವಳಿಗೆ ಗ್ರಾಮೀಣ ಮೀಸಲಾತಿ ಸಿಗುತ್ತದೆ, ಅದು ಶೇ 15. ಕನ್ನಡ ಮಾಧ್ಯಮಕ್ಕೆ ಇನ್ನು ಶೇ 5. ಓದಿದ ಪ್ರತಿ ಶಾಲೆಯಿಂದಲೂ ಪತ್ರ ಬೇಕು, ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಓ) ಮೇಲುಸಹಿ ಬೇಕು. ಪ್ರೈಮರಿ ಶಾಲೆ ಬೇರೊಂದರ ಜೊತೆ ವಿಲೀನವಾಗಿದ್ದರೆ ಹಳೆಯ ದಾಖಲಾತಿ ಪುಸ್ತಕ ಹುಡುಕಿಸುವುದಕ್ಕೇ ದಿನಗಳು ಹಿಡಿಯುತ್ತವೆ.

ಜೆಇಇ, ನೀಟ್‌ಗೆ ಈ ರಾಜ್ಯದ ಜಾತಿ ಪ್ರಮಾಣಪತ್ರದ ನಮೂನೆ ನಡೆಯುವುದಿಲ್ಲ. ಕೇಂದ್ರದ ಒಬಿಸಿ ಪಟ್ಟಿ ಬೇರೆ, ನಮ್ಮ 2ಎ, 3ಎ ಪಟ್ಟಿ ಬೇರೆ. ಇಲ್ಲಿ ಮೀಸಲಾತಿ ಇದೆ ಅಂದಮಾತ್ರಕ್ಕೆ ಅಲ್ಲೂ ಇರುತ್ತದೆ ಅಂದುಕೊಳ್ಳಬೇಡ. ಕೇಂದ್ರದ ಪಟ್ಟಿಯಲ್ಲಿ ಇಲ್ಲದಿದ್ದರೆ ಆರ್ಥಿಕವಾಗಿ ಹಿಂದುಳಿದವರ ಮೀಸಲಾತಿಗೆ (ಇಡಬ್ಲ್ಯೂಎಸ್) ಬರುತ್ತೀರಾ ನೋಡು: ಮನೆಯ ವಾರ್ಷಿಕ ಆದಾಯ 8 ಲಕ್ಷದೊಳಗೆ, ಜಮೀನು 5 ಎಕರೆಗಿಂತ ಕಡಿಮೆ ಇರಬೇಕು. ಆ ಪತ್ರ ಆಯಾ ಹಣಕಾಸು ವರ್ಷದ್ದಾಗಿರಬೇಕು, ಅಂದರೆ ಏಪ್ರಿಲ್ 1 ದಾಟಿದ ಮೇಲೆ ತಹಶೀಲ್ದಾರರಿಂದ ಹೊಸದಾಗಿ ತೆಗೆಸಬೇಕು. ಹೋದ ವರ್ಷದ್ದನ್ನು ಹಿಡಿದು ಹೋದರೆ ಕೌನ್ಸೆಲಿಂಗ್‌ನಲ್ಲಿ ಸೀಟು ಕೈತಪ್ಪುತ್ತದೆ.

ಒಂದು ವೇಳೆ ಬೋರ್ಡ್ ಅಂಕ ಕಡಿಮೆಯಾದರೆ ಎದೆಗುಂದಬೇಡಿ. ಈಗ ಪರೀಕ್ಷೆ-2 ಕೂಡ ಇದೆ, ಎರಡರಲ್ಲಿ ಹೆಚ್ಚಿನ ಅಂಕ ಉಳಿಯುತ್ತದೆ. ಆದರೆ ಅದು ಏಪ್ರಿಲ್ ಕೊನೆಯಿಂದ ಮೇವರೆಗೆ ನಡೆಯುವುದರಿಂದ ನೀಟ್‌ಗೆ ಅಡ್ಡ ಬರುತ್ತದೆ. ನೀಟ್ ಮುಖ್ಯವಾದ ಹುಡುಗಿ ನಾಲ್ಕೈದು ಅಂಕಕ್ಕಾಗಿ ಪರೀಕ್ಷೆ-2ಕ್ಕೆ ಕೂರಬಾರದು. ಎಂಜಿನಿಯರಿಂಗ್ ಹುಡುಗಿಗೆ ಒಂದು ವಿಷಯದಲ್ಲಿ ಹತ್ತು-ಹದಿನೈದು ಅಂಕ ಏರುವ ಭರವಸೆ ಇದ್ದರೆ ಕೂರಬಹುದು.

ಲಾಂಗ್ ಟರ್ಮ್, ಅಂದರೆ ಒಂದು ವರ್ಷ ಓದಿ ಮತ್ತೆ ಎಂಟ್ರೆನ್ಸ್ ಬರೆಯುವ ಮಾತು ಈಗಲೇ ಮನೆಯಲ್ಲಿ ಎತ್ತಬೇಡ. ಎತ್ತಿದರೆ ಈ ವರ್ಷದ ಓದು ಸಡಿಲವಾಗುತ್ತದೆ. ನಿಯಮ ಮಾತ್ರ ನಿನಗೆ ಗೊತ್ತಿರಲಿ: ಜೆಇಇ ಮೇನ್ ಪಾಸಾದ ವರ್ಷವೂ ಸೇರಿ ಮೂರು ವರ್ಷ ಬರೆಯಬಹುದು, ಅಡ್ವಾನ್ಸ್ಡ್ ಸತತ ಎರಡು ವರ್ಷದಲ್ಲಿ ಎರಡೇ ಸಲ.

ಇನ್ನು ಪರೀಕ್ಷೆಯ ಊರು. ಜೆಇಇಗೆ ಮೊದಲ ಆಯ್ಕೆ ಮೈಸೂರು ಹಾಕು. ಬೆಳಗಿನ ಪಾಳಿ 9ಕ್ಕೆ, ಅರ್ಧ ಗಂಟೆ ಮೊದಲೇ ಗೇಟು ಮುಚ್ಚುತ್ತಾರೆ. ಬೆಳಗಿನ ಪಾಳಿ ಬಂದರೆ ಹಿಂದಿನ ರಾತ್ರಿಯೇ ನಮ್ಮ ಮನೆಗೆ ಕರೆದುಕೊಂಡು ಬಾ. ಸದ್ಯಕ್ಕೆ ಅವಳ ಆಧಾರ್ ಮತ್ತು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಫೋಟೋ ಕಳಿಸು, ಹೆಸರು ಹೊಂದುತ್ತದೆಯೇ ನೋಡಿ ಹೇಳುತ್ತೇನೆ.

ನಿನ್ನ,
ಗೆಳೆಯ